ಮೂರು ಹೇಮಾವತಿ, ಇಬ್ಬರು ನೀಲಾಂಬಿಕೆ

ನನ್ನ ಅಕ್ಕನ ಹೆಸರು ಗುರುಸಿದ್ದಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹೊಳೆನರಸೀಪುರಕ್ಕೆ ಹೋಗಿ ಗುರುಸಿದ್ದಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ತೀರಿಹೋದ ಮುದುಕಿಯೊಬ್ಬಳ ಸುದ್ದಿ ಹೇಳಿಯಾರೇ ಹೊರತು ನನ್ನ ಅಕ್ಕನನ್ನು ತೋರಿಸುವುದಿಲ್ಲ. ನೇವಿ ಬಸವರಾಜು ಅವರ ಹೆಂಡತಿ ನೀಲಾಂಬಿಕೆ ಎಂದು ಕೇಳಿ ನೋಡಿ, ಚಿಕ್ಕ ಮಕ್ಕಳೂ ಕೈಹಿಡಿದು ಬಾಗಿಲ ತನಕ ಬಿಟ್ಟುಬರುತ್ತವೆ. ಆದರೆ ನೀಲಾಂಬಿಕೆ ಬೇರೆಯವಳು. ಅವಳು ಸತ್ತು ಮೂವತ್ತೆಂಟು ವರ್ಷವಾಯಿತು.

ನಾನು ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ಟು, ಪೈಪು ಮಾರುವವನು. ನನ್ನ ಬಾಯಿ ದೊಡ್ಡದು ಎಂದು ಮನೆಯವಳು ದಿನಾ ಹೇಳುತ್ತಾಳೆ. ಇರಲಿ. ಅಕ್ಕನ ಸುತ್ತ ಇದ್ದವರೆಲ್ಲ ಬಾಯಿ ಮುಚ್ಚಿಕೊಂಡೇ ಬದುಕಿದವರು, ಒಬ್ಬನಾದರೂ ಬಾಯಿ ಇರುವವನು ಬೇಡವೇ?

ಅಕ್ಕನ ಬದುಕು ಹೇಳಬೇಕಾದರೆ ಹಡಗಿನ ಕತೆಯಿಂದ ಶುರುಮಾಡಬೇಕು. ಸಮುದ್ರವನ್ನೇ ಕಾಣದ ಅರಕಲಗೂಡಿನ ಹೆಣ್ಣುಮಗಳಿಗೂ ಯುದ್ಧದ ಹಡಗಿಗೂ ಎಲ್ಲಿಯ ನಂಟು ಎಂದರೆ, ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಇರುವ ನಂಟು. ಒಂದೇ ಜಾಡಿಗೆ ಬಿದ್ದಮೇಲೆ ಬಿಡಿಸಿಕೊಳ್ಳಲಾಗುವುದಿಲ್ಲ.

ಐಎನ್‌ಎಸ್ ಹೇಮಾವತಿ ಎಂಬ ಹೆಸರಿನ ಹಡಗುಗಳು ಇದುವರೆಗೆ ಮೂರು ಬಂದಿವೆ. ಮೊದಲನೆಯದು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ. ಆಗ ಅದಕ್ಕೆ ಅಲ್ಲಿಯದೇ ಯಾವುದೋ ಹೊಳೆಯ ಹೆಸರಿತ್ತು. ಸ್ವಾತಂತ್ರ್ಯ ಬಂದಮೇಲೆ ನಮ್ಮ ಸರ್ಕಾರ ಅದನ್ನು ಕೊಂಡುಕೊಂಡಿತು, ಹಳೆಯ ಹೆಸರು ಕೀಳಿಸಿ ಹೇಮಾವತಿ ಎಂದು ಬರೆಸಿತು. ನನ್ನ ಭಾವ ಬಸವರಾಜು ಹತ್ತೊಂಬತ್ತರ ಹುಡುಗನಾಗಿ ನೌಕಾಪಡೆ ಸೇರಿದಾಗ ಅದೇ ಹಡಗಿನ ಎಂಜಿನ್ ಕೋಣೆಗೆ ಹಾಕಿದರು. ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆಯ ನೀರು ಕುಡಿದು ಬೆಳೆದವನಿಗೆ ಹೇಮಾವತಿ ಎಂಬ ಹಡಗೇ ಸಿಕ್ಕಿತೆಂದು ಅವರ ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದರಂತೆ.

ಆ ಹಡಗು ಮುದಿಯಾಯಿತು. ಒಂದು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಬಾವುಟ ಇಳಿಸಿ, ಅದನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಭಾವ ಡೆಕ್ಕಿನ ಮೇಲೆ ಸಾಲಿನಲ್ಲಿ ನಿಂತು ಅತ್ತರಂತೆ. ಆಗ ಅವರ ಮೇಲಧಿಕಾರಿ ಹೇಳಿದ ಮಾತು ಭಾವನ ತಲೆಯೊಳಗೆ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಹಡಗು ಸಾಯುವುದಿಲ್ಲ, ಅದರ ಹೆಸರು ಇನ್ನೊಂದು ಹಡಗಿಗೆ ಹೋಗುತ್ತದೆ. ಹೆಸರಿನ ಜೊತೆ ಹಳೆಯ ನಂಬರು, ಹಳೆಯ ಲಾಂಛನ, ಹಳೆಯ ಧ್ಯೇಯವಾಕ್ಯ ಎಲ್ಲವೂ ಹೋಗುತ್ತವೆ. ಹಳೆಯ ಹಡಗು ಮಾಡಿದ ಯುದ್ಧಗಳ ಹೆಸರನ್ನು ಹೊಸ ಹಡಗಿನ ಹಲಗೆಯ ಮೇಲೆ ಕೆತ್ತಿಸುತ್ತಾರೆ, ಹೊಸದು ಒಂದು ಗುಂಡನ್ನೂ ಹಾರಿಸದಿದ್ದರೂ. ಒಂದೇ ಒಂದು ಕಟ್ಟಳೆ ಎಂದರೆ ಒಂದು ಹೆಸರಿನ ಎರಡು ಹಡಗು ಒಂದೇ ಕಾಲಕ್ಕೆ ಇರುವಂತಿಲ್ಲ. ಇದನ್ನು ಭಾವ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಎರಡನೆಯ ಹೇಮಾವತಿ ಮುಂಬಯಿಯಲ್ಲಿ ಸಿದ್ಧವಾಗುತ್ತಿದ್ದಾಗ ಭಾವನ ಹೆಂಡತಿ ನೀಲಾಂಬಿಕೆ ಕಾಮಾಲೆಯಾಗಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಎರಡೂವರೆ ವರ್ಷದ ಗಂಡುಮಗು ರಜನೀಶ್. ಅವ್ವ ಎಲ್ಲಿ ಎಂದು ಕೇಳಿದಾಗಲೆಲ್ಲ ಮನೆಯವರು ಆಸ್ಪತ್ರೆಯಲ್ಲಿದ್ದಾಳೆ, ಬರುತ್ತಾಳೆ ಎನ್ನುತ್ತಿದ್ದರು. ಮುಂದಿನ ವರ್ಷ ಹೊಸ ಹಡಗು ಸೇವೆಗೆ ಬಂತು, ಭಾವ ಬೇಡಿಕೊಂಡು ಅದರ ಮೊದಲ ತಂಡಕ್ಕೇ ಸೇರಿದರು. ಅದೇ ವರ್ಷ ಅವರಿಗೆ ಎರಡನೇ ಮದುವೆ ಮಾಡಬೇಕೆಂದು ಹುಡುಗಿ ಹುಡುಕಿಕೊಂಡು ಅರಕಲಗೂಡಿಗೆ ಬಂದರು.

ನಮ್ಮಪ್ಪನದು ಹೊಗೆಸೊಪ್ಪಿನ ವ್ಯಾಪಾರ. ಅಕ್ಕನಿಗೆ ಆಗ ಇಪ್ಪತ್ತೆರಡು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಮಾತಿನಲ್ಲಿ ನನಗಿಂತ ಜೋರು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಆಳುಗಳನ್ನೂ ದಲ್ಲಾಳಿಗಳನ್ನೂ ಹೆಸರು ಹಿಡಿದು ಕೂಗಿ ಕೆಲಸ ಮಾಡಿಸುತ್ತಿದ್ದಳು. ಕೇಂದ್ರ ಸರ್ಕಾರದ ನೌಕರಿಯ ಗಂಡು, ಎರಡನೇ ಸಂಬಂಧವಾದರೇನು ಎಂದು ಅಪ್ಪ ಒಪ್ಪಿದರು. ಎಲ್ಲ ಕೂಡಿಬಂತು, ಒಂದನ್ನು ಬಿಟ್ಟು. ಗಂಡಿನ ತಾಯಿಯ ಹೆಸರೂ ಗುರುಸಿದ್ದಮ್ಮ.

ನಮ್ಮ ಕಡೆ ಅತ್ತೆಯ ಹೆಸರನ್ನು ಸೊಸೆ ನಾಲಿಗೆಯ ಮೇಲೆ ತರುವುದಿಲ್ಲ. ಅತ್ತೆ ಸೊಸೆ ಇಬ್ಬರದೂ ಒಂದೇ ಹೆಸರಾದರೆ ಅತ್ತೆಗೆ ಸೊಸೆಯನ್ನು ಕರೆಯಲಾಗುವುದಿಲ್ಲ, ಮಾವನಂತೂ ಆ ಹೆಸರು ಹಿಡಿದು ಬೈಯುವ ಹಾಗೂ ಇಲ್ಲ. ಹಾಗಾಗಿ ಧಾರೆಯ ದಿನ ಹುಡುಗಿಗೆ ಬೇರೆ ಹೆಸರಿಡುವುದು ಪದ್ಧತಿ. ಇದೇನು ಊರಿಗಿಲ್ಲದ ಸಂಗತಿಯಲ್ಲ. ಅಯ್ನೋರು ಪಾರ್ವತಮ್ಮ ಎಂದಿಡೋಣವೇ ಎಂದು ಕೇಳಿದರು. ಭಾವ ಎದ್ದು ನಿಂತರು.

“ನೀಲಾಂಬಿಕೆ ಅಂತಲೇ ಇಡಿ ಸ್ವಾಮಿ” ಎಂದರು.

ಸತ್ತವಳ ಹೆಸರನ್ನು ಮದುವಣಗಿತ್ತಿಗೆ ಇಡುವುದುಂಟೇ? ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು, “ಇದ್ಯಾವ್ ಸೀಮೆ ನ್ಯಾಯನಪ್ಪ?” ಎಂದಳು. ಆಗ ಭಾವ, ಮದುವೆಯ ಪೇಟ ಹಾಕಿಕೊಂಡೇ, ಹಡಗಿನ ಕತೆ ಹೇಳಿದರು. ಹೇಮಾವತಿ ಹೋಯಿತು, ಹೇಮಾವತಿ ಬಂತು. ಕೆಟ್ಟ ಬುದ್ಧಿಯಿಂದ ಹೇಳಿದರು ಎಂದು ನಾನು ಈಗಲೂ ಹೇಳುವುದಿಲ್ಲ. ಮರ್ಯಾದೆ ಕೊಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಅದೇ ನನಗೆ ಹೊಟ್ಟೆ ಉರಿಸುವುದು. ಕೆಟ್ಟವರಾಗಿದ್ದರೆ ಎದುರಿಗೆ ನಿಂತು ಜಗಳ ಆಡಬಹುದಿತ್ತು.

ಅಕ್ಕ ತಲೆ ಎತ್ತಿ ಬೇಡ ಎನ್ನಬೇಕೆಂದಿದ್ದಳಂತೆ. ಅಷ್ಟರಲ್ಲಿ ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಬಂದರು. “ನೋಡ್ಲಾ ಮಗ, ಆಸ್ಪತ್ರೆಯಿಂದ ನಿಮ್ಮವ್ವ ಬಂದ್ಲು” ಎಂದು ತೊಡೆಯ ಮೇಲೆ ಕೂರಿಸಿದರು. ಮಗು ಬಹಳ ಹೊತ್ತು ನೋಡಿತು. ಅಕ್ಕನಿಗೆ ಆ ದಿನ ಬೆಳಿಗ್ಗೆ ನೀಲಾಂಬಿಕೆಯ ಮೂಗುಬೊಟ್ಟನ್ನೇ ಹಾಕಿದ್ದರು. ಮಗು ಕೈ ಚಾಚಿ ಅದನ್ನು ಮುಟ್ಟಿತು, ಆಮೇಲೆ ಕತ್ತು ತಬ್ಬಿಕೊಂಡಿತು.

“ಆ ಕೈ ಮೂಗಿನ್ ಹತ್ರ ಬಂದಾಗ ನಂಗೆ ಇಲ್ಲ ಅನ್ನಕ್ಕಾಗ್ಲಿಲ್ಲ ಕಣೋ ತಮ್ಮಯ್ಯ” ಎಂದು ಎಷ್ಟೋ ವರ್ಷದ ಮೇಲೆ ಹೇಳಿದಳು. “ಇನ್ನೊಂದೆಲ್ಡು ವರ್ಸ, ಮಗ ದೊಡ್ದಾಗ್ಲಿ, ಆಮೇಲ್ ನೋಡ್ಕಳನಾ ಅಂದ್ಕಂಡೆ.”

ನೀವೇ ಯೋಚನೆ ಮಾಡಿ, ನಮ್ಮಲ್ಲಿ ಹೆಂಗಸನ್ನು ಹೆಸರು ಹಿಡಿದು ಕರೆಯುವವರು ಯಾರು? ಗಂಡ ಕರೆಯುವುದು ‘ಇವಳೇ’ ಎಂದು. ಮಕ್ಕಳಿಗೆ ಅಮ್ಮ, ನನ್ನಂಥವನಿಗೆ ಅಕ್ಕ, ಬೀದಿಯವರಿಗೆ ಅತ್ತಿಗೆ, ದೊಡ್ಡಮ್ಮ. ಹೆಸರು ಉಳಿಯುವುದು ಹೆತ್ತವರ ಬಾಯಲ್ಲಿ ಮಾತ್ರ. ಅಲ್ಲಿಗೂ ಬೀಗರು ಹೇಳಿಕಳಿಸಿದ್ದರು, ಮಗುವಿನ ಮುಂದೆ ಹಳೆಯ ಹೆಸರು ಎತ್ತಬೇಡಿ ಎಂದು. ಅಕ್ಕ ಅರಕಲಗೂಡಿಗೆ ಬರುವಾಗ ರಜನೀಶ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಅಪ್ಪ ‘ಮಗಳೇ’ ಎಂದು ಕರೆಯಲು ಶುರುಮಾಡಿದರು. ಅವ್ವ ಮಾತ್ರ ಕೇಳಲಿಲ್ಲ. ಮಗು ನಿದ್ದೆ ಹೋದ ಮೇಲೆ ಬ್ಯಾರನ್ನಿನ ಹಿಂದೆ ಕರೆದುಕೊಂಡು ಹೋಗಿ, ಕೂದಲು ಬಿಚ್ಚಿ, ಎಣ್ಣೆ ಹಚ್ಚುತ್ತ, “ಸಿದ್ದೀ, ಬಗ್ಗೇ. ಸಿದ್ದೀ, ತಲೆ ಅಳ್ಳಾಡಿಸ್ಬ್ಯಾಡ ಕಣೇ” ಎಂದು ಬೇಕಂತಲೇ ಮಾತಿಗೊಂದು ಸಲ ಹೆಸರು ಸೇರಿಸುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ಭಾವ ಹದಿನೈದು ವರ್ಷ ಸೇವೆ ಮುಗಿಸಿ ಊರಿಗೆ ಬಂದರು, ಬ್ಯಾಂಕೊಂದರಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಸಿಕ್ಕಿತು. ಸಂಜೆ ಜಗುಲಿಯಲ್ಲಿ ಕೂತು ಕತೆ ಹೇಳುವುದು ರೂಢಿ. ಅಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಬಾಂಬೆಯ ಕ್ವಾರ್ಟರ್ಸಿನಲ್ಲಿ ನೀಲಾಂಬಿಕೆ ಕಳೆದ ದಿನಗಳನ್ನು ಭಾವ ಅಕ್ಕನ ಕಡೆ ತಿರುಗಿ ‘ನೀನು’ ಎಂದು ಹೇಳುತ್ತಿದ್ದರು. “ನೀನು ಕೊಲಾಬಾ ಮಾರ್ಕೆಟ್ಟಲ್ಲಿ ದಾರಿ ತಪ್ಪಿ, ಮೀನು ಮಾರೋಳ ಹತ್ರ ಕನ್ನಡದಲ್ಲೇ ಜಗಳ ಆಡಿದ್ಯಲ್ಲ, ನೆನಪಿದ್ಯಾ?” ಮೊದಮೊದಲು ಇದು ಹುಡುಗನ ಕಿವಿಗೆ ಬೀಳಲೆಂದು ಆಡಿದ ನಾಟಕ. ಮಗ ಹಾಸ್ಟೆಲ್ಲಿಗೆ ಹೋದ ಮೇಲೂ ನಿಲ್ಲಲಿಲ್ಲ. ಹಳೆಯ ಹಡಗಿನ ಯುದ್ಧಗಳನ್ನು ಹೊಸ ಹಡಗಿನ ಹಲಗೆಗೆ ಕೆತ್ತಿದ ಹಾಗೆಯೇ ಆಯಿತು ಇದೂ. ಅಕ್ಕ ಮೊದಲು ಸುಮ್ಮನೆ ತಲೆಯಾಡಿಸುತ್ತಿದ್ದಳು. ಆಮೇಲೆ ಹ್ಞೂಂ ಎನ್ನತೊಡಗಿದಳು. ಒಂದು ದಿನ ನಾನು ಹೋದಾಗ ಭಾವ ಎಲ್ಲೋ ಮರೆತು ನಿಂತಲ್ಲಿಂದ ಅವಳೇ ಮುಂದುವರಿಸಿದಳು, “ಮೀನೋಳು ನನ್ ಸೆರಗು ಇಡ್ಕಂಡ್ಬುಟ್ಲು” ಎಂದು. ನಾನು ಕಾಫಿ ಲೋಟ ಕೆಳಗಿಟ್ಟೆ.

ಅವಳು ಎದ್ದು ಹೋದಮೇಲೆ ಹಿಂದೆಯೇ ಅಡಿಗೆಮನೆಗೆ ಹೋಗಿ, “ಅಕ್ಕ, ನೀನು ಬಾಂಬೆನೇ ನೋಡಿಲ್ವಲ್ಲೇ” ಎಂದೆ.

“ಇಪ್ಪತ್ ವರ್ಸದಿಂದ ದಿನಾ ನೋಡ್ತಾ ಇವ್ನಿ” ಎಂದು ಚಪಾತಿ ಲಟ್ಟಿಸಿದಳು.

ನಮ್ಮವ್ವ ತೀರಿಕೊಂಡಾಗ ಅಕ್ಕ ಅತ್ತ ಪರಿ ನೋಡಿ ಬಂದವರೆಲ್ಲ ಹೆಣ್ಣುಮಕ್ಕಳ ಕರುಳು ಎಂದರು. ನನಗೆ ಗೊತ್ತಿತ್ತು, ಅವ್ವನ ಜೊತೆ ಇನ್ನೊಂದೂ ಮಣ್ಣಿಗೆ ಹೋಗುತ್ತಿದೆ ಎಂದು. ಎರಡು ವರ್ಷ ಕಳೆದು ಅಕ್ಕನ ಅತ್ತೆಯೂ ಹೋದರು. ಅವರೇನು ಕೆಟ್ಟವರಲ್ಲ. ಹಾಸಿಗೆ ಹಿಡಿದಿದ್ದಾಗ ‘ನೀಲಾ, ನೀಲಾ’ ಎಂದು ಕರೆಯುತ್ತಲೇ ಹೋದರು, ಅಕ್ಕನೂ ಹೆತ್ತವ್ವನಂತೆ ನೋಡಿಕೊಂಡಳು. ತಿಥಿ ಕಳೆದ ಮೇಲೆ ಅಕ್ಕ ಗಂಡನ ಹತ್ತಿರ ತನಗಾಗಿ ಏನಾದರೂ ಕೇಳಿದ್ದುಂಟಾದರೆ ಅದೊಂದೇ ಸಲ. ನಾನೂ ಅಲ್ಲೇ ಇದ್ದೆ.

“ಒಂದೆಸ್ರಿನ್ ಎಲ್ಡ್ ಅಡಗು ಒಂದೇ ಕಾಲ್ದಲ್ ಇರಕ್ಕಿಲ್ಲ ಅಂತೀರಲ್ಲ” ಎಂದಳು. “ಈಗ ಅತ್ತೆಮ್ಮ ಇಲ್ಲ. ನನ್ ಹೆಸ್ರು ನಂಗೆ ಕೊಟ್ಬುಡಿ.”

ನನಗೆ ಎದ್ದು ಕುಣಿಯಬೇಕೆನಿಸಿತು. ಗಂಡನ ಕಟ್ಟಳೆಯನ್ನೇ ಹಿಡಿದು ಗಂಡನನ್ನು ಕಟ್ಟಿಹಾಕಿದ್ದಳು. ಭಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. “ಯೋಚನೆ ಮಾಡೋಣ ಇರು” ಎಂದರು. ಅಷ್ಟು ಹೇಳಿದ್ದೇ ದೊಡ್ಡದು. ಅಕ್ಕ ಆ ಸಲ ಬಸ್‌ಸ್ಟ್ಯಾಂಡಿನ ತನಕ ಬಂದು ನನ್ನನ್ನು ಬಿಟ್ಟಳು, ದಾರಿಯುದ್ದಕ್ಕೂ ನಗುತ್ತಿದ್ದಳು.

ಯೋಚನೆ ಮುಗಿಯುವ ಮೊದಲೇ ರಜನೀಶನಿಗೆ ಹೆಣ್ಣುಮಗು ಹುಟ್ಟಿತು. ಮನೆಯ ಹಿರಿಯ ಜೀವ ಹೋದ ವರ್ಷವೇ ಹುಟ್ಟಿದ ಹೆಣ್ಣು, ಅಜ್ಜಿಯೇ ತಿರುಗಿ ಬಂದಳು ಎಂದರು. ತೊಟ್ಟಿಲಿಗೆ ಹಾಕುವ ದಿನ ಗುರುಸಿದ್ದಮ್ಮ ಎಂದು ಹೆಸರಿಟ್ಟರು. ಕಿವಿಯಲ್ಲಿ ಹೆಸರು ಹೇಳುವ ಶಾಸ್ತ್ರ ಸೋದರತ್ತೆಯದು. ಅಂದರೆ ಅಕ್ಕನ ಹೊಟ್ಟೆಯಲ್ಲೇ ಹುಟ್ಟಿದ ದಿವ್ಯಾ. ಅವಳಿಗೆ ಅದು ಅಜ್ಜಿಯ ಹೆಸರು, ಅಷ್ಟೆ. ತಾಯಿಯ ಕಣ್ಣೆದುರೇ ತಾಯಿಯ ಹೆಸರನ್ನು ಮಗುವಿನ ಕಿವಿಗೆ ಊದಿ, ಶಾಸ್ತ್ರದಂತೆ ಬೆನ್ನಿಗೆ ಗುದ್ದಿಸಿಕೊಂಡು ನಕ್ಕಳು. ಇಷ್ಟು ಮಾಡಿ ಆ ಮಗುವನ್ನಾದರೂ ಹಾಗೆ ಕರೆದರೇ? ಮರುದಿನದಿಂದ ಮಾನ್ಯ. ಸ್ಕೂಲಿನಲ್ಲೂ ಮಾನ್ಯ, ಮನೆಯಲ್ಲೂ ಮಾನ್ಯ. ತಾವೂ ಉಣ್ಣಲಿಲ್ಲ, ಉಣ್ಣುವವರಿಗೂ ಬಡಿಸಲಿಲ್ಲ. ಅಕ್ಕ ಆಮೇಲೆ ಆ ಮಾತು ಎತ್ತಲೇ ಇಲ್ಲ.

ಎರಡು ವರ್ಷದ ಹಿಂದೆ ರಜನೀಶ ಮನೆಯ ನೀರಿನ ತೊಟ್ಟಿಗೆ ಮೋಟಾರು ಕೊಳ್ಳಲು ನನ್ನ ಅಂಗಡಿಗೆ ಬಂದ. ಹಾಸನದಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು, ತಲೆ ಅರ್ಧ ನರೆತಿದೆ. ಏನೋ ಮಾತಿಗೆ, “ಮಾವ, ನನ್ನ ಹೆತ್ತಮ್ಮ ತೀರಿಕೊಂಡದ್ದು ಯಾವ ಆಸ್ಪತ್ರೆಲಿ?” ಎಂದು ಕೇಳಿದ. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಪಕ್ಕಕ್ಕಿಟ್ಟೆ.

“ನಿಂಗೆ ಯಾರಪ್ಪ ಹೇಳಿದ್ದು?”

“ಆರನೇ ಕ್ಲಾಸಲ್ಲಿ ಕ್ಲಾಸಿಗೆ ಕ್ಲಾಸೇ ಹೇಳ್ತು ಮಾವ. ಒಂದೂರಲ್ಲಿ ಇಂಥಾದ್ದು ಮುಚ್ಚಿಡಕ್ಕಾಗುತ್ತಾ?”

“ಮತ್ತೆ ಮನೇಲಿ ಯಾಕೋ ಬಾಯಿ ಬಿಡ್ಲಿಲ್ಲ?”

“ನಂಗೊತ್ತು ಅಂತ ಅಮ್ಮಂಗೆ ಗೊತ್ತಾದ್ರೆ, ಇಷ್ಟು ವರ್ಷ ಅವರು ಮಾಡಿದ್ದೆಲ್ಲ ಸುಳ್ಳು ಅಂದಂಗಾಗಲ್ವಾ? ನೀವೂ ಹೇಳ್ಬೇಡಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ವಾರವೇ ಹೊಳೆನರಸೀಪುರಕ್ಕೆ ಹೋಗಿ ಹೇಳಿದೆ. ಹೇಳದೆ ಇರಲು ನಾನೇನು ಕಲ್ಲೇ? ಅಕ್ಕ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಗೊತ್ತು” ಎಂದಳು. “ಒಂದಿನ ಸ್ಕೂಲಿಂದ ಬಂದೋನೇ ಬ್ಯಾಗೂ ಇಳಿಸ್ದೆ ನನ್ ಕಾಲ್ ಮುಟ್ಟಿ ನಮಸ್ಕಾರ ಮಾಡ್ದ. ಅಬ್ಬ ಇಲ್ಲ ಉಣ್ಣಿಮೆ ಇಲ್ಲ. ಆವತ್ತೇ ತಿಳೀತು.”

“ಅವನಿಗೂ ಗೊತ್ತು, ನಿನಗೂ ಗೊತ್ತು. ಮತ್ಯಾರಿಗೋಸ್ಕರನೇ ಈ ಆಟ?”

“ಅವ್ನು ನನ್ನ ಅಮ್ಮ ಅಂತಾನೆ. ಈ ನೀಲಾ ಅನ್ನೋ ಹೆಸ್ರು ಬುಟ್ಬುಟ್ರೆ ಎಲ್ಲಿ ಅವ್ನಿಗೆ ಬೇರೆ ಆಗ್ಬುಡ್ತೀನೋ ಅಂತ” ಎಂದಳು. ಸಿಪ್ಪೆ ಒಂದು ಕಡೆ ಬಳಿದು, “ನೀನ್ ಅವ್ನಿಗ್ ಹೇಳ್ಬ್ಯಾಡ” ಎಂದೂ ಸೇರಿಸಿದಳು.

ತಾಯಿ ಮಗ ಇಬ್ಬರೂ ಒಳಗಿನಿಂದ ಚಿಲಕ ಹಾಕಿಕೊಂಡು, ಹೊರಗಿನಿಂದ ಯಾರೋ ಹಾಕಿದ್ದಾರೆ ಎಂದು ಕೂತಿದ್ದರು. ನಾನು ನಡುವೆ ನಿಂತು ಕುದಿಯುತ್ತಿದ್ದೆ. ಬಾಗಿಲನ್ನು ಒಂದು ಸಲ ಒದ್ದರೆ ತೆರೆದುಕೊಳ್ಳುತ್ತದೆ ಎಂದು ನನ್ನ ನಂಬಿಕೆ.

ಈ ವರ್ಷ ಮೂರನೆಯ ಹೇಮಾವತಿ ಸಿದ್ಧವಾಯಿತು. ಎರಡನೆಯದು ಕೆಲವು ವರ್ಷದ ಹಿಂದೆಯೇ ನಿವೃತ್ತಿಯಾಗಿತ್ತು. ಹೊಸದನ್ನು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿಸುವ ದಿನ ಹಳೆಯ ಹೇಮಾವತಿಗಳಲ್ಲಿ ದುಡಿದವರನ್ನೆಲ್ಲ ಆಹ್ವಾನಿಸಿದ್ದರು. ಅಷ್ಟು ದೂರ ಹೋಗಲಾರದ ನಮ್ಮ ಕಡೆಯ ಮುದುಕರು ಸೇರಿ ಹಾಸನದಲ್ಲೇ, ಬೂವನಹಳ್ಳಿ ರಸ್ತೆಯ ಒಂದು ಸಭಾಂಗಣದಲ್ಲಿ, ದೊಡ್ಡ ಪರದೆ ಕಟ್ಟಿ ನೋಡುವ ಏರ್ಪಾಡು ಮಾಡಿಕೊಂಡರು. ಆಮೇಲೆ ನಾವಿಕರಿಗೂ ಅವರ ಹೆಂಡಂದಿರಿಗೂ ಸನ್ಮಾನ, ಊಟ. ರಜನೀಶ ಕಾರು ತಂದಿದ್ದ. ನಾನೂ ಹೋದೆ.

ಭಾವನಿಗೆ ಈಗ ಮಂಡಿ ನೋವು, ಆದರೂ ನೀಲಿ ಕೋಟು ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು ಸೆಟೆದು ಕೂತಿದ್ದರು. ಪರದೆಯ ಮೇಲೆ ಬೂದುಬಣ್ಣದ ಹಡಗು, ಗೋಡೆಯ ಹಾಗೆ ನುಣುಪಾಗಿ, ಇಳಿಜಾರಾಗಿ. ಬಾವುಟ ಏರಿತು, ಬ್ಯಾಂಡು ಬಾರಿಸಿದರು. ಮೂರು ಹಡಗು, ಒಂದೇ ಆತ್ಮ ಎಂದು ಯಾರೋ ಅಧಿಕಾರಿ ಭಾಷಣ ಮಾಡಿದರು. ಮೊದಲ ಹೇಮಾವತಿಯ ಯುದ್ಧಗಳನ್ನು ಒಂದೊಂದಾಗಿ ಓದಿದರು. ಭಾವ ಎದ್ದು ನಿಂತು ಸೆಲ್ಯೂಟ್ ಹೊಡೆದರು, ಕಣ್ಣೀರು ಗಲ್ಲದ ಮೇಲೆ ಹರಿಯುತ್ತಿತ್ತು. ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದಲೂ ಆಗಲಿಲ್ಲ.

ಅಕ್ಕ ನನ್ನ ಕಡೆ ವಾಲಿದಳು. “ಮೊದುಲ್ನೇದ್ನ ಏನ್ ಮಾಡುದ್ರಂತೆ?”

“ಗುಜರಿಗೆ ಹಾಕಿದ್ರು ಕಣಕ್ಕ. ಒಡೆದು ಕಬ್ಬಿಣ ಮಾಡಿದ್ರು.”

“ಅದುಕ್ಕೆ ಇಂಗ್ಲೀಸಿನ ಹೆಸ್ರು ಒಂದಿತ್ತಲ್ಲ. ಒಡೆಯೋವಾಗ ಯಾವ್ ಹೆಸ್ರಿತ್ತು?”

“ಹೇಮಾವತಿ ಅಂತಲೇ.”

“ಹ್ಞೂಂ” ಎಂದು ಮತ್ತೆ ಪರದೆ ನೋಡಿದಳು.

ಊಟಕ್ಕೆ ಮೊದಲು ಕಾಫಿ ಕೊಟ್ಟರು. ಆಗ ದಪ್ಪ ಕನ್ನಡಕದ ಹೆಂಗಸೊಬ್ಬರು ಕೈ ಚಾಚಿಕೊಂಡು ಬಂದರು. ಅರಕಲಗೂಡು ತಾಲ್ಲೂಕಿನವರು, ಯಮುನಾ ಎಂದು ಹೆಸರು. ಗಂಡ ಭಾವನ ಜೊತೆ ಮೊದಲ ಹೇಮಾವತಿಯಲ್ಲಿದ್ದವರು. ನಾಲ್ಕು ದಶಕದ ಹಿಂದೆ ಬಾಂಬೆಯಲ್ಲಿ ಪಕ್ಕದ ಮನೆ. ಗಂಡನಿಗೆ ಬೇರೆ ಕಡೆ ವರ್ಗವಾದ ಮೇಲೆ ಮತ್ತೆ ನೋಡಿರಲಿಲ್ಲ. ಮೊದಲ ನೀಲಾಂಬಿಕೆ ಸತ್ತದ್ದು ಅವರಿಗೆ ತಿಳಿದೇ ಇರಲಿಲ್ಲ.

“ನೀಲಾ!” ಎಂದು ಅಕ್ಕನನ್ನು ತಬ್ಬಿಕೊಂಡರು. “ಎಷ್ಟ್ ಸಣ್ಣ ಆಗ್ಬುಟ್ಟಿದ್ಯೇ! ಕೊಲಾಬಾದಲ್ಲಿ ದಾರಿ ತಪ್ಪಿದ್ದು ಗ್ಯಾಪ್ಕ ಅದಾ?”

ಇಲ್ಲಮ್ಮ, ನಾನು ಅವಳಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಪಕ್ಕದಲ್ಲೇ ಮಗ ನಿಂತಿದ್ದ.

“ಮರೆಯಕ್ಕಾಯ್ತದಾ ಯಮುನಕ್ಕ?” ಎಂದಳು ಅಕ್ಕ. “ಮೀನೋಳು ಸೆರಗು ಇಡ್ಕಂಡಾಗ ನೀವೇ ಅಲ್ವಾ ಬಿಡಿಸ್ದೋರು?”

“ಊಂ ಕಣೇ, ನಾನೇಯ!” ಎಂದು ಆಕೆ ಅಳತೊಡಗಿದರು. ಅಕ್ಕ ಅವರ ಕಣ್ಣೊರೆಸಿದಳು. ರಜನೀಶ ತಲೆ ತಗ್ಗಿಸಿ ಕಾಫಿ ಲೋಟ ನೋಡುತ್ತಿದ್ದ.

ನನ್ನ ಮೈ ಉರಿದುಹೋಯಿತು. ಸೀದಾ ವೇದಿಕೆಯ ಹತ್ತಿರ ನಡೆದೆ. ಕಾರ್ಯಕ್ರಮ ನಡೆಸಿಕೊಡುತ್ತಿದ್ದವಳು ತೇಜಶ್ರೀ ಎಂಬ ಹುಡುಗಿ, ಯಾರೋ ನಾವಿಕರೊಬ್ಬರ ಸೊಸೆ. ಅವಳ ಕೈಯಲ್ಲಿ ಸನ್ಮಾನಕ್ಕೆ ಕರೆಯಬೇಕಾದವರ ಹೆಸರಿನ ಪಟ್ಟಿ ಇತ್ತು. “ನೋಡಮ್ಮ, ಬಸವರಾಜು ಅವರ ಮನೆಯವರ ಹೆಸರು ತಪ್ಪಾಗಿದೆ. ಗುರುಸಿದ್ದಮ್ಮ ಅಂತ ಕರಿ. ನಾನು ಒಡಹುಟ್ಟಿದವನು, ನನಗೆ ಗೊತ್ತಿಲ್ಲವೇ?” ಎಂದೆ. ಅವಳು ಸಾರಿ ಸಾರ್ ಎಂದು ಹೊಡೆದುಹಾಕಿ ಬರೆದುಕೊಂಡಳು. ನಾನು ಬಂದು ಅಕ್ಕನ ಹಿಂದಿನ ಸಾಲಿನಲ್ಲಿ ಕೂತೆ. ಮೂವತ್ತೇಳು ವರ್ಷದ ಮೇಲೆ, ಅಷ್ಟು ಜನರ ಮುಂದೆ, ಮೈಕಿನಲ್ಲಿ ಅವಳ ಹೆಸರು ಕೇಳುತ್ತದೆ. ಎದ್ದು ಹೋಗಲೇಬೇಕು. ಒಂದು ಸಲ ಎದ್ದು ಹೋದಳೆಂದರೆ ಮುಗಿಯಿತು, ಆಮೇಲೆ ಯಾರೂ ವಾಪಸು ಕೂರಿಸಲಾರರು.

ಒಬ್ಬೊಬ್ಬರನ್ನೇ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾವನನ್ನು ಕರೆದರು, ರಜನೀಶ ಕೈಹಿಡಿದು ಮೆಟ್ಟಿಲು ಹತ್ತಿಸಿ ಬಂದು ತಾಯಿಯ ಪಕ್ಕ ಕೂತ. ಆಮೇಲೆ ಮೈಕು ಹೇಳಿತು, “ಶ್ರೀಮತಿ ಗುರುಸಿದ್ದಮ್ಮ.”

ಅಕ್ಕ ಏಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡೂ ಕೈ ಜೋಡಿಸಿ ಎದೆಯ ಹತ್ತಿರ ಹಿಡಿದಳು. ಸ್ವಲ್ಪ ತಲೆ ಬಾಗಿಸಿದಳು.

“ಶ್ರೀಮತಿ ಗುರುಸಿದ್ದಮ್ಮ ಅವರು ವೇದಿಕೆಗೆ ಬರಬೇಕು” ಎಂದು ತೇಜಶ್ರೀ ಇನ್ನೊಮ್ಮೆ ಕರೆದಳು. ರಜನೀಶ ತಟ್ಟನೆ ಹಿಂದೆ ತಿರುಗಿ ನನ್ನನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಅಕ್ಕನ ಭುಜ ಮುಟ್ಟಲು ಕೈ ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು. ನಾನು ಮುಂದೆ ಬಗ್ಗಿ ಅಕ್ಕಾ ಎಂದೆ. ಚಪ್ಪಾಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ಭಾವ ಗಾಬರಿಯಿಂದ ಕೈ ಆಡಿಸಿ, “ಅದು ನಮ್ಮ ತಾಯಿ ಹೆಸರಮ್ಮ, ನನ್ನ ಹೆಂಡ್ತಿ ನೀಲಾಂಬಿಕೆ” ಎಂದರು. ಹುಡುಗಿ ಕ್ಷಮೆ ಕೇಳಿ ನೀಲಾಂಬಿಕೆ ಎಂದು ಕರೆದಳು. ಅಕ್ಕ ಕೂಡಲೇ ಎದ್ದಳು, ಸೀರೆಯ ನೆರಿಗೆ ಸರಿಮಾಡಿಕೊಂಡು ಹೋಗಿ ಶಾಲು ಹೊದೆಸಿಕೊಂಡಳು. ಫೋಟೋ ತೆಗೆದರು.

ಊಟ ನನಗೆ ಸೇರಲಿಲ್ಲ. ಅಕ್ಕ ಬೇಕಂತಲೇ ಹೀಗೆ ಮಾಡಿದಳು, ಮಗ ಪಕ್ಕದಲ್ಲಿದ್ದನೆಂದು ಹೆದರಿ ಕೈಮುಗಿದು ಬೇಡ ಎಂದಳು ಎಂದೇ ತಿಳಿದುಕೊಂಡು, ಅವಳ ಮೇಲೂ ಸಿಟ್ಟು ಮಾಡಿಕೊಂಡು ಕಾರು ಹತ್ತಿದೆ. ರಜನೀಶ ಓಡಿಸುತ್ತಿದ್ದ. ಭಾವ ಮುಂದಿನ ಸೀಟಿನಲ್ಲಿ ಹಾರ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದರು. ಹಾಸನ ದಾಟಿ ಜೋಳದ ಹೊಲಗಳು ಬಂದವು. ಅಕ್ಕ ಖುಷಿಯಾಗಿದ್ದಳು.

“ಎಲ್ಲಾ ಚೆನ್ನಾಗಿ ಮಾಡುದ್ರು ಕಣೋ ತಮ್ಮಯ್ಯ” ಎಂದಳು. “ಅದ್ರಲ್ಲೂ ಅತ್ತೆಮ್ಮನ್ನ ನೆನುಸ್ಕಂಡ್ರಲ್ಲ, ಅದು ನಂಗೆ ಬಾಳ ಇಡುಸ್ತು. ಮಗನ್ನ ಅಡಗಿಗ್ ಕಳ್ಸಿದ ತಾಯಿ ಅಲ್ವಾ, ಮೈಕಲ್ ಹೆಸ್ರು ಕೂಗುದ್ರು. ಕುಂತಲ್ಲೇ ಕೈ ಮುಗ್ದೆ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅದರ ಜಾಗದಲ್ಲಿ ಏನು ಬಂತೋ ಅದಕ್ಕಿಂತ ಸಿಟ್ಟೇ ವಾಸಿ. ಕನ್ನಡಿಯಲ್ಲಿ ರಜನೀಶನ ಕಣ್ಣು ಕಂಡಿತು.

“ಅಕ್ಕ” ಎಂದೆ. “ಅವರು ಕರೆದದ್ದು ನಿನ್ನನ್ನೇ ಕಣೇ. ನಾನೇ ಹೇಳಿ ಕರೆಸಿದ್ದು. ಅದು ನಿನ್ನ ಹೆಸರು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಮಡಿಲಲ್ಲಿದ್ದ ತನ್ನ ಎರಡು ಕೈ ನೋಡಿಕೊಂಡಳು. ಯಾವುದೋ ಊರು ಬಂತು, ಹೋಯಿತು. ಮಗ ಕಾರಿನ ವೇಗ ಇಳಿಸಿದ್ದ.

“ಅಂಗಾದ್ರೆ” ಎಂದಳು, ಮೇಷ್ಟ್ರ ಮುಂದೆ ತಪ್ಪು ಉತ್ತರ ಹೇಳಿದ ಮಕ್ಕಳ ದನಿಯಲ್ಲಿ, “ಆಗ್ಲೇ ಏಳ್ಬೇಕಿತ್ತಾ ನಾನು?”